ಎಂಟನೆಯ ಶ್ರೇಯಾಂಕ

ಮಾರ್ಚ್ 22, 2025, ಶನಿವಾರ ರಾತ್ರಿ, ಬಾಥೆಲ್

ಹ್ಯೂಸ್ಟನ್ 81, ಗೊನ್ಜಾಗ 76. ಮಗಳು ಪುಟ್ಟಿಗೆ ಫೋನು ಮಾಡುವ ಧೈರ್ಯವಾಗದೆ ಇದನ್ನು ಬರೆಯಲು ಕುಳಿತಿದ್ದೇನೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿಯಲ್ಲಿ, ಅದು ನಡೆಯದ 2020ನ್ನು ಬಿಟ್ಟರೆ, ಅವಳ ಕಾಲೇಜಾದ ಗೊನ್ಜಾಗದ ತಂಡ 2015ರಿಂದ ಒಂದು ವರ್ಷವೂ ಕೊನೆಯ ಹದಿನಾರರ ಸುತ್ತನ್ನು ತಪ್ಪಿಸಿಕೊಂಡಿರಲಿಲ್ಲ. ಆ ಸಾಲು ಇಂದು ವಿಚಿಟಾದಲ್ಲಿ ತುಂಡಾಯಿತು.

ಸೋಲಿನ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಗ್ರಹಾಂ ಐಕ್ 27 ಅಂಕ ಗಳಿಸಿದರೆ ಹ್ಯೂಸ್ಟನ್ ಕಡೆ ಎಲ್.ಜೆ. ಕ್ರಯರ್ 30 ಗಳಿಸಿದ. ನನ್ನನ್ನು ಕಾಡುತ್ತಿರುವುದು ಆಟ ಮುಗಿದ ಮೇಲೆ ಮಾವನವರು ಕೇಳಿದ ಪ್ರಶ್ನೆ: "ಇಷ್ಟು ಸಮಬಲದವರು ಎರಡನೆಯ ಸುತ್ತಿನಲ್ಲೇ ಎದುರಾಗುವಂತೆ ಈ ಪಟ್ಟಿಯನ್ನು ಬರೆದವರು ಯಾರು?"

ಸಾಗರದ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಅವರು ತಾಲ್ಲೂಕು ಕ್ರೀಡಾಕೂಟಗಳಿಗೆ ಕಬಡ್ಡಿ, ಖೋ ಖೋ ಪಂದ್ಯಗಳ ಪಟ್ಟಿ ಬರೆದವರಾದ್ದರಿಂದ, ಈ ಪ್ರಶ್ನೆಯನ್ನು ಹಾರಿಸಿಬಿಡುವಂತಿರಲಿಲ್ಲ. ಹನ್ನೆರಡು ಜನರ ಸಮಿತಿಯೊಂದು 68 ತಂಡಗಳನ್ನು ಒಂದರಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸಿ, ನಾಲ್ಕು ವಲಯಗಳಿಗೆ ಹಂಚಿ, ಪ್ರತಿ ವಲಯದಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತದೆ ಎಂದೂ, ಎಂಟು ಮತ್ತು ಒಂಬತ್ತನೆಯವರಲ್ಲಿ ಗೆದ್ದವರಿಗೆ ಮುಂದಿನ ಪಂದ್ಯದಲ್ಲಿ ಸಾಮಾನ್ಯವಾಗಿ ಒಂದನೆಯವರೇ ಸಿಗುತ್ತಾರೆ ಎಂದೂ ವಿವರಿಸಿದೆ.

"ಹಾಗಾದರೆ ಎಂಟು ಎಂಬುದು ಒಳ್ಳೆಯ ಜಾಗವಲ್ಲ. ಹತ್ತನೆಯದೇ ವಾಸಿ" ಎಂದರು. ನಿಜ. ಹತ್ತನೆಯ ತಂಡಕ್ಕೆ ಎರಡನೆಯ ಸುತ್ತಿನಲ್ಲಿ ಒಂದನೆಯವರ ಭಯವಿಲ್ಲ. ನಾನು ಇಷ್ಟು ವರ್ಷ ನೋಡಿಯೂ ಅಷ್ಟು ನೇರವಾಗಿ ಯೋಚಿಸಿರಲಿಲ್ಲ.

ಕಳೆದ ಭಾನುವಾರ ಪಟ್ಟಿ ಹೊರಬಂದಾಗ 25 ಗೆಲುವು, 8 ಸೋಲುಗಳ ಗೊನ್ಜಾಗ ಎಂಟರಲ್ಲಿತ್ತು. ತಂಡಗಳ ಬಲ ಅಳೆಯಲು ಸಮಿತಿಯೇ ಮುಂದಿಟ್ಟುಕೊಳ್ಳುವ ನೆಟ್ ಎಂಬ ಪಟ್ಟಿಯಲ್ಲಿ ಅದೇ ತಂಡ ದೇಶದ ಮೊದಲ ಹತ್ತರೊಳಗಿತ್ತು. ಒಂದು ತಂಡ ಎದುರಾಳಿಯ ಬಲಕ್ಕೆ ತಕ್ಕಂತೆ ಎಷ್ಟು ದಕ್ಷವಾಗಿ ಅಂಕ ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂಬ ಲೆಕ್ಕಕ್ಕೆ ಅಲ್ಲಿ ತೂಕ ಹೆಚ್ಚು. ನವೆಂಬರಿನಲ್ಲಿ ಬೇಲರ್ ತಂಡವನ್ನು 101–63ರಿಂದ ಮಣಿಸಿದವರು ಅಲ್ಲಿ ಮೇಲೇರುವುದು ಸಹಜ. ಆದರೆ ಶ್ರೇಯಾಂಕ ಕೊಡುವಾಗ ಸಮಿತಿ ಯಾರನ್ನು ಎಲ್ಲಿ ಗೆದ್ದಿರಿ ಎಂದು ಕೇಳುತ್ತದೆ. ತವರಿನಲ್ಲಾದರೆ ನೆಟ್ ಪಟ್ಟಿಯ ಮೊದಲ 30ರೊಳಗಿನವರ ಮೇಲಿನ ಗೆಲುವು ಮಾತ್ರ ಮೊದಲ ದರ್ಜೆಯದು, ಎದುರಾಳಿಯ ಅಂಗಣದಲ್ಲಾದರೆ ಮೊದಲ 75ರೊಳಗಿನವರಾದರೂ ಸಾಕು. (ಈ ನಿಯಮ ಮಾವನವರಿಗೆ ಬಹಳ ಹಿಡಿಸಿತು. ಬೇರೆ ಊರಿನ ಮಣ್ಣಿನಲ್ಲಿ, ಅವರದೇ ಜನರ ಕೂಗಿನ ನಡುವೆ ಕಬಡ್ಡಿ ಆಡಿಸಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.) ಗೊನ್ಜಾಗ ಕೆಂಟಕಿಗೆ ಹೆಚ್ಚುವರಿ ಅವಧಿಯಲ್ಲಿ ಒಂದು ಅಂಕದಿಂದ, ಯುಸಿಎಲ್ಎಗೆ ಮೂರರಿಂದ, ಕನೆಕ್ಟಿಕಟ್‌ಗೆ ಆರರಿಂದ ಸೋತಿತ್ತು. ಎಂಟು ಸೋಲುಗಳಲ್ಲಿ ಒಂದರಲ್ಲಿಯೂ ಅಂತರ ಹತ್ತು ಮುಟ್ಟಿರಲಿಲ್ಲ. ಸಮಿತಿಯ ಕಣ್ಣಿಗೆ ಅವೆಲ್ಲ ಸೋಲುಗಳೇ.

ನನ್ನ ಅಭಿಪ್ರಾಯವನ್ನು ಬರೆದಿಡುತ್ತೇನೆ: ಗೊನ್ಜಾಗ ಐದನೆಯ ಶ್ರೇಯಾಂಕಕ್ಕೆ ತಕ್ಕ ತಂಡ; ಮಗಳ ಕಾಲೇಜೆಂದು ಹೆಚ್ಚಿಸಿ ಹೇಳುತ್ತಿಲ್ಲ. ಮೊನ್ನೆ ಜಾರ್ಜಿಯಾವನ್ನು 89–68ರಿಂದ ಅಳಿಸಿಹಾಕಿದ್ದು ಎಂಟು-ಒಂಬತ್ತನೆಯವರ ಪಂದ್ಯದಂತೆ ಕಾಣಲಿಲ್ಲ.

ಈ ಅನ್ಯಾಯ ಗೊನ್ಜಾಗಕ್ಕೆ ಆಯಿತು ಎಂದು ನಾನು ಹೇಳಿದಾಗ ಮಾವನವರು ಒಪ್ಪಲಿಲ್ಲ. "ನೋಡಿ, ಸೋತವರು ತಮ್ಮ ಸೋಲಿಗೆ ತಾವೇ ಕಾರಣ. ವರ್ಷವೆಲ್ಲ ಗೆದ್ದು ಮೊದಲ ಸ್ಥಾನ ಸಂಪಾದಿಸಿದ ಹ್ಯೂಸ್ಟನ್ ಏನು ತಪ್ಪು ಮಾಡಿತ್ತು? ಅದಕ್ಕೆ ಬಹುಮಾನವಾಗಿ ಸುಲಭದ ಎದುರಾಳಿ ಸಿಗಬೇಕಿತ್ತು, ಸಿಕ್ಕಿದ್ದು ಇವರು. ಬಲವಾದ ತಂಡವನ್ನು ಕೆಳಗೆ ಬರೆದರೆ ಪೆಟ್ಟು ಬೀಳುವುದು ಮೇಲಿದ್ದವನಿಗೆ." ಒಮ್ಮೆ ಚೀಟಿ ಎತ್ತಿಸಿದಾಗ ಹಿಂದಿನ ವರ್ಷದ ಫೈನಲ್ ಆಡಿದ ಎರಡೂ ಶಾಲೆಗಳು ಮೊದಲ ಪಂದ್ಯಕ್ಕೇ ಬಂದವಂತೆ, ಅಂದಿನಿಂದ ಎರಡು ಹೆಸರುಗಳನ್ನು ಎರಡು ತುದಿಗೆ ಬರೆದು, ಉಳಿದವರಿಗೆ ಮಾತ್ರ ಚೀಟಿ ಎತ್ತಿಸುತ್ತಿದ್ದರಂತೆ.

ಆಮೇಲೆ ವಿದ್ಯುತ್ ಬಿಲ್ಲಿನ ಲಕೋಟೆಯ ಹಿಂಭಾಗದಲ್ಲಿ ಗೆರೆ ಎಳೆದು, ಗೊನ್ಜಾಗವನ್ನು ಐದರಲ್ಲಿ ಬರೆದು, "ಈಗ ಕೆಳಗಿಳಿಯುವವರು ಯಾರು? ಒಬ್ಬರನ್ನು ಇಳಿಸದೆ ಇನ್ನೊಬ್ಬರನ್ನು ಏರಿಸುವುದು ಹೇಗೆ?" ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಮೆಂಫಿಸ್ ಎಂದೆ, ತಡವರಿಸದೆ. ನೆಟ್ ಪಟ್ಟಿಯಲ್ಲಿ ಮೊದಲ ನಲವತ್ತರೊಳಗೂ ಇರದ ಆ ತಂಡಕ್ಕೆ ಐದನೆಯ ಶ್ರೇಯಾಂಕ ಸಿಕ್ಕಿತ್ತು, ಮತ್ತು ನಿನ್ನೆ ಇಲ್ಲೇ ಸಿಯಾಟಲ್‌ನಲ್ಲಿ ಹನ್ನೆರಡನೆಯ ಶ್ರೇಯಾಂಕದ ಕೊಲರಾಡೊ ಸ್ಟೇಟ್‌ಗೆ 78–70ರಿಂದ ಸೋತಿತು.

"ನಿನ್ನೆ ಸೋತದ್ದು ಭಾನುವಾರ ಗೊತ್ತಿತ್ತೇ?"

ಇರಲಿಲ್ಲ. ಭಾನುವಾರ ಗೊತ್ತಿದ್ದದ್ದು ಮೆಂಫಿಸ್ 29 ಪಂದ್ಯ ಗೆದ್ದಿದೆ, ಐದನ್ನಷ್ಟೇ ಸೋತಿದೆ ಎಂಬುದು. ನವೆಂಬರಿನಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಅದು ಹೆಚ್ಚುವರಿ ಅವಧಿಯಲ್ಲಿ ಸೋಲಿಸಿದ್ದು ಅದೇ ಕನೆಕ್ಟಿಕಟ್ ತಂಡವನ್ನು, 99–97ರಿಂದ. ಗೊನ್ಜಾಗಕ್ಕೆ ಆಗದಿದ್ದದ್ದು ಅದೇ. ನಾನು ಸಮಿತಿಯ ಕೋಣೆಯಲ್ಲಿ ಕುಳಿತಿದ್ದರೆ ಮೆಂಫಿಸ್‌ನ ಹೆಸರನ್ನು ಹೊಡೆದುಹಾಕುತ್ತಿದ್ದೆನೇ?

ಮಾವನವರು ಮಲಗಲು ಹೋದರು. ಲಕೋಟೆ ಇಲ್ಲೇ ಇದೆ, ಐದರ ಮುಂದೆ ಎರಡು ಹೆಸರುಗಳಿವೆ. ಮೆಂಫಿಸ್ ತಂಡವನ್ನು ಆರಕ್ಕೆ ಇಳಿಸಿದರೆ ಅಲ್ಲಿರುವ ಇಲಿನಾಯ್ ಏಳಕ್ಕೆ ಹೋಗಬೇಕು, ಏಳರಲ್ಲಿ ಯುಸಿಎಲ್ಎ ಇದೆ, ಅದು ಗೊನ್ಜಾಗವನ್ನೇ ಸೋಲಿಸಿದ ತಂಡ, ಅದನ್ನು ಎಂಟಕ್ಕೆ ತಳ್ಳಿದರೆ ಮತ್ತೆ ಹ್ಯೂಸ್ಟನ್‌ಗೆ