ವಿಲ್ ಇಲ್ಲದ ಸಾವು: ಇಂಗ್ಲೆಂಡಿನ ಮನೆ, ಊರಿನ ಮನೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ವಿಲ್ ಬರೆಯುವುದನ್ನು ಮುಪ್ಪಿನ ಕಾಲದ ಕೆಲಸವೆಂದು ಮುಂದೂಡುತ್ತಾರೆ; ಬರೆಯದೆ ಹೋದರೂ ಎಲ್ಲವೂ ತಾನಾಗಿ ಹೆಂಡತಿಗೆ ಸೇರುತ್ತದೆ ಎಂಬುದು ಅವರ ಧೈರ್ಯ. ಮನೆ ಇಬ್ಬರ ಹೆಸರಿನಲ್ಲಿ ಅವಿಭಾಜ್ಯವಾದ ಜಂಟಿ ಒಡೆತನದಲ್ಲಿದ್ದರೆ ಅದು ಬದುಕುಳಿದವರಿಗೆ ನೇರವಾಗಿ ಹೋಗುತ್ತದೆ, ನಿಜ. ಒಬ್ಬರದೇ ಹೆಸರಿನಲ್ಲಿರುವ ಆಸ್ತಿಯ ಮಾತು ಬೇರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ (ಸ್ಕಾಟ್ಲೆಂಡಿನ ಕಾನೂನೇ ಬೇರೆ) ಮಕ್ಕಳಿರುವ ವ್ಯಕ್ತಿ ವಿಲ್ ಇಲ್ಲದೆ ತೀರಿಕೊಂಡರೆ, 2023ರ ಜುಲೈನಿಂದ ಜಾರಿಯಲ್ಲಿರುವ ಮಿತಿಯಂತೆ, ಸಂಗಾತಿಗೆ ಮನೆಬಳಕೆಯ ವಸ್ತುಗಳ ಜೊತೆಗೆ ಮೊದಲ 3,22,000 ಪೌಂಡ್ ಮತ್ತು ಉಳಿದುದರಲ್ಲಿ ಅರ್ಧ ಸಿಗುತ್ತದೆ, ಇನ್ನರ್ಧ ಮಕ್ಕಳದು. ಎಂಟು ಲಕ್ಷ ಪೌಂಡಿನ ಆಸ್ತಿಯಾದರೆ ಹೆಂಡತಿಗೆ 5,61,000, ಮಕ್ಕಳಿಗೆ ಒಟ್ಟು 2,39,000. ಮಕ್ಕಳ ಪಾಲು ಅವರಿಗೆ 18 ತುಂಬುವವರೆಗೆ ಟ್ರಸ್ಟ್‌ನಲ್ಲಿರುತ್ತದೆ. ಆ ಎಂಟು ಲಕ್ಷವೆಲ್ಲ ವಾಸದ ಮನೆಯಲ್ಲೇ ಕೂಡಿದ್ದರೆ, ಅದೇ ಮನೆಯಲ್ಲಿರುವ ತಾಯಿ ತನ್ನ ಮಕ್ಕಳ ಪಾಲಿಗೆ ಹಣ ಹೊಂದಿಸಬೇಕಾದ ವಿಚಿತ್ರ ಸ್ಥಿತಿ ಬರುತ್ತದೆ.

ಇಲ್ಲಿ ಮೃತರ ಆಸ್ತಿಯ ಮೇಲೆ ಬೀಳುವ ಉತ್ತರಾಧಿಕಾರ ತೆರಿಗೆಯ ಕಾಟವಿಲ್ಲ: ಸಂಗಾತಿಗೆ ಹೋಗುವುದಕ್ಕೆ ಸಾಮಾನ್ಯವಾಗಿ ವಿನಾಯಿತಿಯಿದೆ, ಮಕ್ಕಳ ಪಾಲು 3,25,000 ಪೌಂಡಿನ ತೆರಿಗೆರಹಿತ ಮಿತಿಯೊಳಗಿದೆ. ಆದರೆ ಮದುವೆಯಾಗದೆ ಜೊತೆಗಿದ್ದ ಜೋಡಿಯ ವಿಷಯದಲ್ಲಿ ಕಾನೂನು ನಿಷ್ಠುರ. ಮಕ್ಕಳೂ ಇಲ್ಲದಿದ್ದರೆ ಅದೇ ಎಂಟು ಲಕ್ಷ ಮೃತರ ತಂದೆತಾಯಿಗೆ ಹೋಗುತ್ತದೆ. ಮಿತಿ ಮೀರಿದ ಮೊತ್ತದ ಮೇಲೆ ಶೇಕಡಾ 40ರಂತೆ 1,90,000 ಪೌಂಡ್ ತೆರಿಗೆ ಬೀಳುತ್ತದೆ. ಜೊತೆಗಾತಿಗೆ ಉಳಿಯುವುದು, ಅವಲಂಬಿತರು ಮೃತರ ಆಸ್ತಿಯಿಂದ ನೆರವು ಕೇಳಬಹುದಾದ 1975ರ ಕಾಯ್ದೆಯಡಿ ನ್ಯಾಯಾಲಯದ ಮೊರೆಹೋಗುವ ದಾರಿಯೊಂದೇ.

ಇನ್ನು ಊರಿನ ಮನೆ. ಸ್ಥಿರಾಸ್ತಿಯ ಹಂಚಿಕೆ ಅದು ಇರುವ ನೆಲದ ಕಾನೂನಿಗೆ ಸೇರಿದ್ದು. ಆದ್ದರಿಂದ ಮೈಸೂರಿನಲ್ಲಿರುವ ಸ್ವಯಾರ್ಜಿತ ಮನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಮೃತ ಗಂಡಸಿನ ಹೆಂಡತಿ, ಮಗ, ಮಗಳು, ತಾಯಿ ನಾಲ್ವರೂ ಮೊದಲ ದರ್ಜೆಯ ವಾರಸುದಾರರು, ನಾಲ್ವರಿಗೂ ಸಮಪಾಲು. ಹೆಂಡತಿ ಮಕ್ಕಳಿದ್ದರೆ ಇಂಗ್ಲೆಂಡಿನ ನಿಯಮ ತಾಯಿಗೆ ಬಿಡಿಗಾಸನ್ನೂ ಕೊಡುವುದಿಲ್ಲ. ನಮ್ಮ ಕಾಯ್ದೆ ಅವರನ್ನು ಸೊಸೆಯ ಸರಿಸಮಕ್ಕೆ ಕೂರಿಸುತ್ತದೆ. ಮಗನ ಸಂಪಾದನೆಯನ್ನೇ ನಂಬಿದ ವೃದ್ಧೆಯ ದೃಷ್ಟಿಯಿಂದ ನೋಡಿದರೆ ನಮ್ಮದೇ ಹೆಚ್ಚು ಮಾನವೀಯ ಎಂದು ನನಗನ್ನಿಸುತ್ತದೆ, ಅತ್ತೆ ಸೊಸೆ ಮಾತು ಬಿಟ್ಟ ಮನೆಗಳಲ್ಲಿ ಅದೇ ವ್ಯಾಜ್ಯಕ್ಕೂ ಬೀಜವಾಗಬಹುದಾದರೂ.

ಹಂಚಿಕೆ ಭಾರತದ್ದಾದರೂ ತೆರಿಗೆಯ ಕಣ್ಣು ಬ್ರಿಟನ್ನಿನದೇ ಆಗಿರಬಹುದು. 2025ರ ಏಪ್ರಿಲ್‌ನಿಂದ, ಹಿಂದಿನ 20 ತೆರಿಗೆ ವರ್ಷಗಳಲ್ಲಿ ಕನಿಷ್ಠ 10 ವರ್ಷ ಇಲ್ಲಿ ವಾಸವಿದ್ದವರ ಜಗತ್ತಿನೆಲ್ಲೆಡೆಯ ಆಸ್ತಿ ಈ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಭಾರತ ಇಂಥದ್ದೇ ತೆರಿಗೆಯಾದ ತನ್ನ ಎಸ್ಟೇಟ್ ಸುಂಕವನ್ನು 1985ರಲ್ಲೇ ಕೈಬಿಟ್ಟಿದ್ದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯುವ ಪ್ರಶ್ನೆಯೂ ಇಲ್ಲ. ಈ ತೆರಿಗೆಯ ಕುರಿತು ಎರಡು ದೇಶಗಳ ನಡುವಿನ 1956ರ ಹಳೆಯ ಒಪ್ಪಂದ ಕೆಲವರಿಗೆ ರಕ್ಷಣೆ ಕೊಡಬಹುದು, ಆದರೆ ಅದನ್ನು ಬಲ್ಲ ವಕೀಲರನ್ನು ಕೇಳದೆ ನೆಚ್ಚಿಕೊಳ್ಳಬಾರದು.

ತೆರಿಗೆ ಬಿದ್ದಾಗ ಕುಟುಂಬವನ್ನು ನಿಜಕ್ಕೂ ಕಂಗೆಡಿಸುವುದು ಅದರ ಸಮಯ. ಸಾವಿನ ತಿಂಗಳು ಮುಗಿದ ಮೇಲೆ ಆರನೆಯ ತಿಂಗಳ ಕೊನೆಗೆ ಹಣ ಕಟ್ಟಬೇಕು. ಆಸ್ತಿಯನ್ನು ನಿರ್ವಹಿಸುವ ಅಧಿಕಾರಪತ್ರ ಸಿಗುವುದು ಅದಾದ ಮೇಲೆ. ಮೃತರ ಬ್ಯಾಂಕ್ ಖಾತೆಯಿಂದಲೇ ತೆರಿಗೆ ಇಲಾಖೆಗೆ ನೇರವಾಗಿ ಪಾವತಿಸುವ ವ್ಯವಸ್ಥೆಯಿದೆ, ಮನೆಯ ಪಾಲಿನ ತೆರಿಗೆಯನ್ನು ಬಡ್ಡಿಸಹಿತ ಹತ್ತು ವಾರ್ಷಿಕ ಕಂತುಗಳಲ್ಲಿ ತೀರಿಸಲೂಬಹುದು.

ಊರಿನ ಕಡೆ ವಂಶವೃಕ್ಷ ಮಾಡಿಸಿ ಖಾತೆ ಬದಲಾಯಿಸಬೇಕು. ಇಂಗ್ಲೆಂಡಿನ ಮರಣ ಪ್ರಮಾಣಪತ್ರಕ್ಕೆ ಮೊದಲೇ ಇಲ್ಲಿ ಅಪೊಸ್ಟೈಲ್ (ಬೇರೆ ದೇಶದಲ್ಲಿ ದಾಖಲೆ ಮಾನ್ಯವಾಗಲು ಬೇಕಾದ ದೃಢೀಕರಣ) ಮುದ್ರೆ ಹಾಕಿಸಿಟ್ಟುಕೊಳ್ಳುವುದು ಒಳ್ಳೆಯದು. ಅಜ್ಜಿ ತಮ್ಮ ಪಾಲನ್ನು ಬಿಟ್ಟುಕೊಡಲು ಒಪ್ಪಿದರೂ ಬಾಯಿಮಾತು ಸಾಲದು, ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಮೊಮ್ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಅವರ ತಾಯಿಯೂ ಮಾರುವಂತಿಲ್ಲ.