ಸೂಜಿ ಚುಚ್ಚಿಸಿಕೊಂಡರೆ ನೋವು ಹೋಗುತ್ತಾ? ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸಿಂಧನೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಅಂಗಡಿ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುವವರೇ ಜಾಸ್ತಿ. ಇಡೀ ದಿನ ಕೆಸರಲ್ಲಿ ಬಗ್ಗಿ ಸಸಿ ಹಚ್ಚಿದರೆ ಸೊಂಟ ಇನ್ನೇನಾಗಬೇಕು? ಗುಳಿಗೆ ಕೊಡುತ್ತೇನೆ, ಮುಲಾಮು ಕೊಡುತ್ತೇನೆ. ಚಿಲ್ಲರೆ ಎಣಿಸಿಕೊಳ್ಳುತ್ತಾ ಅವರು ಕೇಳುತ್ತಾರೆ: “ಅಕ್ಕಾ, ಆ ಚೀನಾ ಸೂಜಿ ಚುಚ್ತಾರಲ್ರಿ, ಅದರಿಂದ ಖರೇನ ಕಡಿಮಿ ಆಗ್ತೈತೇನ್ರಿ?”

ಅವರು ಕೇಳುತ್ತಿರುವುದು ಆಕ್ಯುಪಂಕ್ಚರ್ ಬಗ್ಗೆ, ಅಂದರೆ ಮೈಯ ಗೊತ್ತುಮಾಡಿದ ಜಾಗಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ನಮ್ಮ ಕಡೆ ಬರೀ ಸೂಜಿ ಅಂದರೆ ಇಂಜೆಕ್ಷನ್. ಜ್ವರ ಬಂದವರು ಡಾಕ್ಟರಿಗೆ “ಗುಳಿಗಿ ಬ್ಯಾಡ್ರಿ, ಒಂದು ಸೂಜಿ ಮಾಡಿಬಿಡ್ರಿ” ಅನ್ನುತ್ತಾರೆ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಮೊದಲೆಲ್ಲ ನನ್ನ ಉತ್ತರ ಒಂದೇ ಇತ್ತು: “ಸುಮ್ನೆ ದುಡ್ಡು ದಂಡ.” ಹಾಗೆ ಹೇಳುವುದು ಸುಲಭ ಕೂಡ. ಆದರೆ “ನಿಮಗೇನ್ರಿ, ನೀವು ಗುಳಿಗಿ ಮಾರೋರು” ಅಂತ ಒಬ್ಬರು ಮುಖಕ್ಕೇ ಅಂದರು. ಅದೂ ನಿಜವೇ. ಅದೇ ಹೊತ್ತಿಗೆ ನಮ್ಮ ಅತ್ತೆ ಮೊಣಕಾಲಿಗೆ ಹತ್ತು ಸಲ ಸೂಜಿ ಹಾಕಿಸಿಕೊಂಡು ಬಂದರು. ನನಗೆ ಗೊತ್ತಾದದ್ದು ಐದನೇ ಸಲಕ್ಕೆ. “ಹಗುರ ಆಗೈತವ್ವಾ” ಅಂದರು. ಎಕ್ಸ್‌ರೇಯಲ್ಲಿ ಸವೆದ ಮೊಣಕಾಲು ಹಾಗೇ ಇತ್ತು. ಅತ್ತೆ ಮಾತ್ರ ಗೋಡೆ ಹಿಡಿಯದೆ ಮೆಟ್ಟಿಲು ಇಳಿಯುತ್ತಿದ್ದರು. ಅವರಿಗೆ ಸುಳ್ಳು ಹೇಳಿ ಏನಾಗಬೇಕು? ಆಗ ಕೂತು ಓದಿದೆ.

ಜರ್ಮನಿಯಲ್ಲಿ ಇದರ ಮೇಲೆ ದೊಡ್ಡ ಪರೀಕ್ಷೆಗಳೇ ನಡೆದಿವೆ. ಸೊಂಟ ನೋವಿನದು 2007ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ನೋವು ತಿಂದ 1,162 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಶಾಸ್ತ್ರ ಹೇಳಿದ ಜಾಗದಲ್ಲೇ ಸೂಜಿ. ಇನ್ನೊಂದಕ್ಕೂ ಸೂಜಿ, ಆದರೆ ಶಾಸ್ತ್ರದಲ್ಲಿ ಇಲ್ಲದ ಜಾಗದಲ್ಲಿ, ಆಳಕ್ಕೆ ಹೋಗದ ಹಾಗೆ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳಾದ ಮೇಲೆ ನೋಡಿದರೆ ಸರಿಯಾದ ಜಾಗದ ಸೂಜಿಯವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತ್ತು. ತಪ್ಪು ಜಾಗದ ಸೂಜಿಯವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮದವರಲ್ಲಿ ಬರೀ ಶೇ. 27.4.

ಈ ಲೆಕ್ಕ ಓದಿ ನನಗೆ ಕಸಿವಿಸಿಯಾಯಿತು. ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಅಂತಾದರೆ, ಮೈಮೇಲೆ 361 ಬಿಂದುಗಳಿವೆ, ಅವುಗಳನ್ನು ಜೋಡಿಸುವ ದಾರಿಗಳಲ್ಲಿ ‘ಚೀ’ ಅನ್ನುವ ಶಕ್ತಿ ಹರಿಯುತ್ತದೆ ಅನ್ನುವ ಚಿತ್ರ ಗೋಡೆಗೆ ತೂಗುಹಾಕಿ ಏನು ಬಂತು? ಆದರೆ ಅದೇ ಲೆಕ್ಕದಲ್ಲಿ ನನ್ನ ಅಂಗಡಿಯ ಮಾಲೂ ಸೋತಿತ್ತಲ್ವಾ. ಮೂರನೇ ಗುಂಪಿನವರಿಗೆ ತಮಗೆ ಸೂಜಿ ಸಿಕ್ಕಿಲ್ಲ ಅನ್ನುವುದು ಗೊತ್ತಿತ್ತು, ಆ ಬೇಜಾರೂ ಸೇರಿರಬಹುದು ಅಂತ ನಾನು ವಾದ ಮಾಡಬಲ್ಲೆ. ಹಾಗೆ ವಾದಿಸಿದರೂ ಸಂಕೋಚ ಹೋಗುವುದಿಲ್ಲ.

ನಕಲಿ ಸೂಜಿ ಚುಚ್ಚಿದರೆ ರೋಗಿಗೆ ಗೊತ್ತಾಗುವುದಿಲ್ವಾ ಅಂತ ನೀವು ಕೇಳಬಹುದು. ಅದಕ್ಕೂ ಉಪಾಯ ಮಾಡಿದ್ದಾರೆ. 1998ರಲ್ಲಿ ಜರ್ಮನಿಯವರೇ ಒಂದು ಸೂಜಿ ತಯಾರಿಸಿದರು. ನಾಟಕದಲ್ಲಿ ಖಳನಾಯಕನ ಚಾಕು ಹಿಡಿಯೊಳಗೇ ಸರಿದುಹೋಗುತ್ತದಲ್ಲ, ಹಾಗೆ. ತುದಿ ಮೊಂಡು. ಚರ್ಮಕ್ಕೆ ತಾಗಿದರೆ ಚುರುಕ್ ಅನ್ನುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ.

ನಮ್ಮಲ್ಲಿಗೆ ಬರುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಬಿಪಿ ಗುಳಿಗೆ ಒಯ್ಯಲು ಬಂದವರು ಮುಕ್ಕಾಲು ಗಂಟೆ ವಾದ ಮಾಡದೆ ಹೋಗುವುದಿಲ್ಲ. ಅವರದು ಸೂಜಿಯ ಪಕ್ಷ. “ನಮ್ಮ ಸೊಲ್ಲಾಪುರದ ಕೊಟ್ನಿಸ್ ಡಾಕ್ಟರು ಚೀನಾದಿಂದ ತಂದ ವಿದ್ಯೆ ಅದು” ಅಂತ ಶುರು ಮಾಡಿದರು. ನಮ್ಮ ರಾಯಚೂರಿನ ರೈಲು ದಾರಿಯಲ್ಲೇ ಇರುವ ಊರಾದ್ದರಿಂದ ‘ನಮ್ಮ’ ಅನ್ನುವುದು ಸರಿಯೇ. ಆದರೆ ಕೊಟ್ನಿಸ್ 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. 1938ರಲ್ಲಿ ಚೀನಾಕ್ಕೆ ಹೋದ, ಕೊಟ್ನಿಸ್ ಸೇರಿ ಐವರು ಡಾಕ್ಟರುಗಳ ತಂಡದಲ್ಲಿ ಬಿಜಯ್ ಕುಮಾರ್ ಬಸು ಅನ್ನುವವರಿದ್ದರು. ಅವರು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಸೂಜಿ ಚಿಕಿತ್ಸೆ ಶುರು ಮಾಡಿದರು. ಮಾಸ್ತರರು ಇದನ್ನು ಒಪ್ಪಿಕೊಂಡರು, ಉಳಿದದ್ದನ್ನಲ್ಲ.

ಅವರ ಎರಡನೇ ಬಾಣ ಗಟ್ಟಿಯಾದದ್ದು. 2012ರಲ್ಲಿ 29 ಪರೀಕ್ಷೆಗಳ ಸುಮಾರು 18,000 ರೋಗಿಗಳ ಲೆಕ್ಕ ಒಟ್ಟು ಮಾಡಿ ನೋಡಿದ್ದಾರೆ. ಅಲ್ಲಿ ನಿಜವಾದ ಸೂಜಿ ನಕಲಿಗಿಂತ ಮೇಲೆ ಬಂದಿದೆ. ಎಷ್ಟು ಮೇಲೆ? ಅದನ್ನು ಬರೆದವರೇ ಕೊಟ್ಟ ಉದಾಹರಣೆ ಹೀಗಿದೆ. ನೂರಕ್ಕೆ 60 ನೋವು ಇತ್ತು ಅಂದುಕೊಳ್ಳಿ. ಸೂಜಿ ಹಾಕದಿದ್ದರೂ ಅದು 43ಕ್ಕೆ ಇಳಿಯುತ್ತದೆ. ನಕಲಿ ಸೂಜಿಗೆ 35. ನಿಜವಾದ ಸೂಜಿಗೆ 30. ಅಂದರೆ 60ರಿಂದ 30ಕ್ಕೆ ಇಳಿದ ಅತ್ತೆ “ಅರ್ಧ ನೋವು ಹೋಯ್ತು” ಅನ್ನುವುದು ನಿಜ. ಅದರಲ್ಲಿ 17 ಸೂಜಿ ಇಲ್ಲದಿದ್ದರೂ ಹೋಗುತ್ತಿದ್ದದ್ದು. 8 ಸೂಜಿ ಹಾಕಿಸಿಕೊಳ್ಳುತ್ತಿದ್ದೇನೆ ಅನ್ನುವುದರಿಂದ ಹೋದದ್ದು. ಜಾಗ ನೋಡಿ ಆಳಕ್ಕೆ ಚುಚ್ಚಿದ್ದರ ಪಾಲು 5. ಆ ಐದರಲ್ಲೂ ನನಗೆ ಅನುಮಾನವಿದೆ. ಚುಚ್ಚುವವರಿಗೆ ಯಾವುದು ನಿಜ, ಯಾವುದು ನಕಲಿ ಅಂತ ಗೊತ್ತಿರುತ್ತದೆ. ಅವರ ಮುಖ, ಮಾತು ಅದನ್ನು ಮುಚ್ಚಿಡಲಾರವು.

“ಸರಕಾರನೇ 2019ರಾಗ ಒಪ್ಪೇತಲ್ಲವ್ವಾ” ಅನ್ನುವುದು ಅವರ ಮೂರನೆಯದು. ಒಪ್ಪಿದೆ, ನಿಜ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ನಿಯಮ ಮಾಡುವ ಸಂಸ್ಥೆ ಸೊಂಟ ನೋವಿಗೆ ಸೂಜಿ ಹಾಕಿಸಬಹುದು ಅಂತ 2009ರಲ್ಲಿ ಹೇಳಿತು. 2016ರಲ್ಲಿ ಬೇಡ ಅಂದಿತು. 2021ರಲ್ಲಿ ಬೇರೊಂದು ತರದ ದೀರ್ಘಕಾಲದ ನೋವಿಗೆ ಮತ್ತೆ ಹೂಂ ಅಂದಿತು. ಒಪ್ಪಿಗೆಯನ್ನೇ ಪುರಾವೆ ಅಂದುಕೊಂಡರೆ ಈ ಮೂರರಲ್ಲಿ ಯಾವುದನ್ನು ಹಿಡಿಯೋಣ?

ಈಗ ನನ್ನ ಮಾಲಿನ ಸರದಿ. ಸೊಂಟ ಹಿಡಿದ ಕೂಡಲೇ ಜನ ಪ್ಯಾರಾಸಿಟಮಾಲ್ ಒಯ್ಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಸಾವಿರದ ಆರುನೂರಕ್ಕೂ ಜಾಸ್ತಿ ಜನರ ಮೇಲೆ ಇದನ್ನೂ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಮಾತ್ರೆ ತಗೊಂಡವರು ಗುಣವಾಗಲು 17 ದಿನ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗೆ 16 ದಿನ! ಆಗಷ್ಟೇ ಹಿಡಿದ ಸೊಂಟ ಎರಡು ಮೂರು ವಾರದಲ್ಲಿ ಬಹಳ ಮಂದಿಗೆ ತಾನಾಗೇ ಬಿಡುತ್ತದೆ. ಆ ವಾರಗಳಲ್ಲಿ ಯಾರ ಬಾಗಿಲಿಗೆ ಹೋಗಿರುತ್ತೀರೋ ಹೆಸರು ಅವರಿಗೆ. ನನಗೂ ಎಷ್ಟೋ ಸಲ ಹೀಗೆ ಪುಕ್ಕಟೆ ಹೆಸರು ಬಂದಿದೆ. ಈ ಪರೀಕ್ಷೆಯ ವಿಷಯ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳಿಸಿಕೊಂಡು, “ಇರಲಿ, ಒಂದು ಸ್ಟ್ರಿಪ್ ಕೊಡ್ರಿ” ಅನ್ನುತ್ತಾರೆ.

ಸೂಜಿ ಮಾಡಿಸಿಕೊಳ್ಳುವ ಮಾತು ಈಗ ಬೇಕು. ಅಮೆರಿಕದ ಟೆಡ್ ಕಾಪ್ಚಕ್ ಚೀನೀ ವೈದ್ಯ ಕಲಿತವರು. ತಮ್ಮ ವಿದ್ಯೆಯನ್ನೇ ತಕ್ಕಡಿಯಲ್ಲಿಟ್ಟವರು. 2006ರಲ್ಲಿ ಅವರು ಕೈನೋವಿನ 270 ಜನರಲ್ಲಿ ಸುಳ್ಳು ಮಾತ್ರೆಯನ್ನೂ ಸುಳ್ಳು ಸೂಜಿಯನ್ನೂ ಹೋಲಿಸಿದರು. ನೋವಿನ ಮಟ್ಟಿಗೆ ಗೆದ್ದದ್ದು ಸುಳ್ಳು ಸೂಜಿ. “ಗುಳಿಗಿ ಬ್ಯಾಡ್ರಿ” ಅನ್ನುವ ನಮ್ಮ ಜನ ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. 2008ರಲ್ಲಿ ಹೊಟ್ಟೆಯ ತೊಂದರೆಯ 262 ಜನರನ್ನು ತಗೊಂಡರು. ಬರೀ ಕಾಯಿಸಿ ಕೂರಿಸಿದವರಲ್ಲಿ ಶೇ. 28 ಮಂದಿ ಸಮಾಧಾನ ಆಯಿತು ಅಂದರು. ಮಾತಾಡದೆ ಸುಳ್ಳು ಸೂಜಿ ಹಾಕಿದವರಲ್ಲಿ ಶೇ. 44. ಅದೇ ಸುಳ್ಳು ಸೂಜಿಯನ್ನು ಕಷ್ಟಸುಖ ಕೇಳಿ ಧೈರ್ಯ ಹೇಳಿ ಹಾಕಿದವರಲ್ಲಿ ಶೇ. 62. ನಮ್ಮ ಅತ್ತೆಗೆ ಸೂಜಿ ಹಾಕಿದವರು ಪ್ರತಿ ಸಲ ಅರ್ಧ ಗಂಟೆ ಮಾತಾಡಿಸುತ್ತಿದ್ದರಂತೆ. ಸೊಸೆಯ ಬಗ್ಗೆಯೂ ಮಾತು ಬಂದಿರಬೇಕು, ನಾನು ಕೇಳಲು ಹೋಗಿಲ್ಲ.

ಹಾಗಾದರೆ ಹೋಗಲಿ ಬಿಡು, ಸಮಾಧಾನ ಆದರೆ ಸಾಕಲ್ಲ? ಮೊಣಕಾಲಿಗೆ, ಸೊಂಟಕ್ಕೆ ನಾನೂ ಈಗ ಹಾಗೇ ಅನ್ನುತ್ತೇನೆ. ನೋವು ಅನ್ನುವುದು ಅನಿಸಿಕೆಯೇ. ಕಡಿಮೆ ಅನಿಸಿದರೆ ಕಡಿಮೆಯಾದಂತೆಯೇ. ನನಗೆ ಹೆದರಿಕೆ ಇರುವುದು ಅನಿಸಿಕೆಗೂ ಒಳಗೆ ಆಗುವುದಕ್ಕೂ ತಾಳೆಯಾಗದ ಕಾಯಿಲೆಗಳಲ್ಲಿ.

ನಮ್ಮೂರಲ್ಲಿ ಅಕ್ಕಿ ಗಿರಣಿಗಳು ಬಹಳ. ತೌಡಿನ ಧೂಳಿಗೆ ದಮ್ಮು ಬಂದ ಹಮಾಲರೊಬ್ಬರು ತಿಂಗಳು ತಿಂಗಳು ಪಂಪು, ಅಂದರೆ ಇನ್‌ಹೇಲರ್, ಒಯ್ಯುತ್ತಿದ್ದರು. ಎರಡು ತಿಂಗಳು ಪತ್ತೆ ಇರಲಿಲ್ಲ. ದಾರಿಯಲ್ಲಿ ಸಿಕ್ಕಾಗ, “ಸೂಜಿ ಹಾಕಿಸ್ಕೊಂಡೀನ್ರಿ, ಎದಿ ಖುಲ್ಲಾ ಆಗೈತಿ, ಪಂಪು ಬಿಟ್ಟೀನಿ” ಅಂದರು. ಸೂಜಿ ಹಾಕಿದವರೇ ಬಿಡು ಅಂದರಂತೆ. ಮುಂದೆ ಒಂದು ರಾತ್ರಿ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಮಗನ ಬೈಕಿನಲ್ಲಿ ಬಂದರು. ಮಾತು ಹೊರಡುತ್ತಿರಲಿಲ್ಲ, ತುಟಿ ಕಪ್ಪಿಟ್ಟಿತ್ತು. ಪಂಪು ಹೊಡೆಸಿ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಉಳಿದರು.

ಅವರು ಸುಳ್ಳು ಹೇಳಿರಲಿಲ್ಲ. 2011ರಲ್ಲಿ ಅಮೆರಿಕದಲ್ಲಿ ದಮ್ಮಿನ 39 ಜನರ ಮೇಲೆ ಕಾಪ್ಚಕ್ ಅವರೂ ಇದ್ದ ತಂಡ ಇದನ್ನೇ ನೋಡಿತು. ಎಲ್ಲರಿಗೂ ಸರದಿಯ ಮೇಲೆ ನಿಜವಾದ ಪಂಪು, ಖಾಲಿ ಪಂಪು, ಸುಳ್ಳು ಸೂಜಿ, ಮತ್ತೆ ಏನೂ ಇಲ್ಲ. ಎಷ್ಟು ಹಗುರ ಆಯಿತು ಅಂತ ಕೇಳಿದರೆ ನಿಜವಾದ ಪಂಪಿಗೆ ಶೇ. 50, ಖಾಲಿ ಪಂಪಿಗೆ 45, ಸುಳ್ಳು ಸೂಜಿಗೆ 46 ಅಂದರು. ಏನೂ ಕೊಡದಾಗ 21. ಆದರೆ ಊದಿಸಿ ಅಳೆದರೆ ಬೇರೆಯೇ ಕತೆ. ನಿಜವಾದ ಪಂಪು ಕೊಟ್ಟಾಗ ಉಸಿರು ಶೇ. 20 ಹೆಚ್ಚಿತ್ತು. ಉಳಿದ ಮೂರರಲ್ಲೂ ಬರೀ ಶೇ. 7ರ ಆಸುಪಾಸು. ಎದೆ ಖುಲ್ಲಾ ಆದಂತೆ ಅನಿಸಿತ್ತು, ಖುಲ್ಲಾ ಆಗಿರಲಿಲ್ಲ. ಈ ಲೆಕ್ಕವನ್ನು ನಾನು ಚೀಟಿಯಲ್ಲಿ ಬರೆದು ಗಲ್ಲೆಯ ಗಾಜಿನ ಕೆಳಗೆ ಇಟ್ಟಿದ್ದೇನೆ.

ಉಳಿದ ಚಿಕಿತ್ಸೆಗಳ ಬಗ್ಗೆಯೂ ಕೇಳುತ್ತಾರೆ. ಕಾಮಣಿಗೆ ಚುಟಿಗೆ ಹಾಕಿಸುವುದು: ಕೆಟ್ಟ ನೀರಿನಿಂದ ಬರುವ ಸಾಮಾನ್ಯ ಕಾಮಣಿ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತದೆ, ಮಗುವಿನ ಮೈ ಸುಡಬೇಡಿ. ಹೆಸರು, ಚೀಟಿ ಇಲ್ಲದ ಪುಡಿ ತಿಂದು ಎರಡೇ ದಿನಕ್ಕೆ ಮೊಣಕಾಲು ಓಡಾಡತೊಡಗಿದರೆ ನನಗೆ ಮೊದಲು ಬರುವುದು ಸ್ಟಿರಾಯ್ಡ್ ಬೆರೆಸಿರುವ ಅನುಮಾನ. ಮುಖ ಊದಿಕೊಂಡು ಸಕ್ಕರೆ ಏರಿದ ಮೇಲೆ ಬಂದವರನ್ನು ಕಂಡಿದ್ದೇನೆ. ಇನ್ನು ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಯವರು ಬೆನ್ನು, ಕೀಲು ಬಿಗಿದುಕೊಂಡಿವೆ ಅಂದರೆ ನಾನು ಮೊದಲು ಕೇಳುವುದು ಕುಡಿಯುವ ನೀರು ಯಾವ ಬೋರಿನದು ಅಂತ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರು ವರ್ಷಗಟ್ಟಲೆ ಕುಡಿದರೆ ಎಲುಬಿಗೇ ಪೆಟ್ಟು. ಅದಕ್ಕೆ ಸೂಜಿಯೂ ಇಲ್ಲ, ನನ್ನ ಗುಳಿಗೆಯೂ ಇಲ್ಲ. ನೀರು ಬದಲಿಸಬೇಕು.

“ಹಳೇ ವಿದ್ಯೆ ಎಲ್ಲಾ ಸುಳ್ಳೇನು?” ಅಂತ ಮಾಸ್ತರರು ಸಿಟ್ಟಾಗುತ್ತಾರೆ. ಇಲ್ಲ ಸರ್. ಚೀನಾದ ಹಳೇ ಪುಸ್ತಕವೊಂದರ ಸಾಲು ಹಿಡಿದು ಟು ಯೂಯೂ ಅನ್ನುವ ವಿಜ್ಞಾನಿ ಒಂದು ಗಿಡದಿಂದ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ತೆಗೆದರು, 2015ರಲ್ಲಿ ನೊಬೆಲ್ ಬಂತು. ಆ ಔಷಧಿಯೂ ನನ್ನ ಕಪಾಟಿನಲ್ಲಿದೆ. ಪರೀಕ್ಷೆ ಪಾಸಾಗಿ ಬಂದದ್ದು.

ಅತ್ತೆ ಮುಂದಿನ ತಿಂಗಳು ಮತ್ತೆ ಹತ್ತು ಸಲ ಹಾಕಿಸಿಕೊಳ್ಳುತ್ತಾರಂತೆ. ದುಡ್ಡು ನಾನೇ ಕೊಡುತ್ತೇನೆ. ಸೂಜಿ ಹೊಸದೋ ಅಲ್ವೋ ನೋಡಿಕೊಳ್ಳಿ, ನಿಮ್ಮ ಎದುರಿಗೇ ಪ್ಯಾಕೆಟ್ ಒಡೆಯಲಿ, ಸಕ್ಕರೆ ಕಾಯಿಲೆಯ ಗುಳಿಗೆ ಬಿಡು ಅಂದರೆ ಎದ್ದು ಬನ್ನಿ ಅಂತ ಹೇಳಿದ್ದೇನೆ. “ನಿನ್ನ ಗುಳಿಗಿ ಬಿಟ್ರ ನೀನು ಬಿಟ್ಟೀಯೇನು” ಅಂದರು.