ಕಾಲುವೆ ದಂಡೆಯ ವಾಲಿದ ಮನೆ

ಅಮ್ಮನಿಗೆ ಮಂಡಿನೋವು. ಹಾಗಾಗಿ ಆಮ್‌ಸ್ಟರ್‌ಡ್ಯಾಮ್‌ನ ಹಳೇ ಪೇಟೆಯಲ್ಲಿ, ಕಾಲುವೆ ದಂಡೆಯ 17ನೇ ಶತಮಾನದ ಮನೆಯೊಂದರಲ್ಲಿ ಉಳಿಯೋಣ ಅಂದುಕೊಂಡಾಗ ನಾನು ಮೊದಲು ವಿಚಾರಿಸಿದ್ದು ಬಾಡಿಗೆಯನ್ನಲ್ಲ, ಮಹಡಿಯನ್ನು. ಲಿಫ್ಟ್ ಇಲ್ಲ ಎಂದು ಒಡತಿ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಕೆಳಗಿನ ರೂಮು ಅಮ್ಮನಿಗೆ, ಅಟ್ಟದ ರೂಮು ನನಗೆ.

ಮೆಟ್ಟಿಲು ಅನ್ನುವುದು ಹೆಸರಿಗೆ. ಏಣಿಗೆ ಎರಡೂ ಕಡೆ ಗೋಡೆ ಕಟ್ಟಿದ ಹಾಗಿತ್ತು. ಪಾದ ಪೂರ್ತಿ ಊರುವುದಿಲ್ಲ, ಓರೆಯಾಗಿ ಇಡಬೇಕು. ಹಿಡಿದುಕೊಳ್ಳಲು ಕಂಬಿಯ ಬದಲು ದಪ್ಪನೆಯ ಹಗ್ಗ. ಕಾಲುವೆಗೆ ಮುಖಮಾಡಿದ ಜಾಗಕ್ಕೆ ಆಗಲೇ ಭಾರಿ ಬೇಡಿಕೆಯಿದ್ದದ್ದರಿಂದ ಮನೆಗಳೆಲ್ಲ ಮುಂದೆ ಕಿರಿದು, ಹಿಂದಕ್ಕೆ ಉದ್ದ. ಹಾಗಾದರೆ ಬೀರು, ಮಂಚ ಹತ್ತಿಸುವುದು ಹೇಗೆ? ಹತ್ತಿಸುವುದೇ ಇಲ್ಲ. ಮನೆಯ ನೆತ್ತಿಯಿಂದ ಬೀದಿಯತ್ತ ಒಂದು ತೊಲೆ ಚಾಚಿರುತ್ತದೆ, ಅದರ ತುದಿಗೊಂದು ಕೊಕ್ಕೆ. ರಾಟೆ ಕಟ್ಟಿ ಸಾಮಾನನ್ನು ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಹಿಂದೆ ವ್ಯಾಪಾರಿಗಳು ಸರಕನ್ನು ಅಟ್ಟಕ್ಕೆ ಏರಿಸುತ್ತಿದ್ದದ್ದೂ ಹೀಗೇ. ಮೂಟೆ ಗೋಡೆಗೆ ಉಜ್ಜದಿರಲೆಂದು ಎಷ್ಟೋ ಮನೆಗಳ ಮುಂಭಾಗವನ್ನು ಬೇಕೆಂದೇ ಬೀದಿಯತ್ತ ಬಾಗಿಸಿ ಕಟ್ಟಿದ್ದಾರೆ.

ಪಕ್ಕಕ್ಕೆ ವಾಲಿದ್ದು ಮಾತ್ರ ಬೇಕೆಂದಲ್ಲ. ಈ ಹಳೇ ಪೇಟೆ ನಿಂತಿರುವುದು ಮೆತ್ತನೆ ನೆಲದೊಳಗೆ ಇಳಿಸಿದ ಮರದ ಕಂಬಗಳ ಮೇಲೆ. ಡಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬ. ನೀರಲ್ಲಿ ಮುಳುಗಿರುವವರೆಗೆ ಮರ ಬಾಳುತ್ತದೆ. ನೀರಿನ ಮಟ್ಟ ಇಳಿದು ಗಾಳಿ ತಾಗಿತೋ, ಕೊಳೆಯಲು ಶುರು, ಮನೆ ಒಂದು ಮಗ್ಗುಲಿಗೆ ಕೂರುತ್ತದೆ. ನನ್ನ ರೂಮಿನ ಬೀರುವಿನ ಎರಡು ಕಾಲಿಗೆ ಎರಡು ಬೆರಳು ದಪ್ಪದ ಮರದ ಚಕ್ಕೆ ಕೊಟ್ಟಿದ್ದರು. ಬೀರು ನೆಟ್ಟಗಿತ್ತು, ಮಂಚಕ್ಕೆ ಆ ಭಾಗ್ಯವಿರಲಿಲ್ಲ. ದಿಂಬನ್ನು ಎತ್ತರದ ಕಡೆಗೆ ಹಾಕಿಕೊಂಡು ಮಲಗಿದೆ.

ನಿದ್ದೆ ಹಗುರದವರಿಗೆ ಇನ್ನೊಂದು ಮಾತು: ಹತ್ತಿರದ ವೆಸ್ಟರ್‌ಕೆರ್ಕ್ ಚರ್ಚಿನ ಗಂಟೆ. ನಾಜಿಗಳ ಕಣ್ಣು ತಪ್ಪಿಸಿ ಪಕ್ಕದಲ್ಲೇ ಅಡಗಿದ್ದ, ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಗೆ ಅದು, ಅದರಲ್ಲೂ ರಾತ್ರಿ ಹೊತ್ತು, ಧೈರ್ಯ ಕೊಡುತ್ತಿತ್ತಂತೆ. ನನಗೆ ಎಚ್ಚರ ಕೊಟ್ಟಿತು. ಅಮ್ಮನಿಗೆ ಕೇಳಿಸಲೇ ಇಲ್ಲ.

ಅಮ್ಮ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ದೋಣಿ ಎಣಿಸುವುದರಲ್ಲೇ ಖುಷಿಯಾಗಿದ್ದಳು. "ಮ್ಯೂಸಿಯಂ ನೀನೇ ನೋಡ್ಕೊಂಡು ಬಾ" ಅಂದಳು. ನಾನೂ ಬಲವಂತ ಮಾಡಲಿಲ್ಲ.

ಇಂಥ ಕಡೆ ರೂಮು ಹಿಡಿಯುವವರು ದೊಡ್ಡ ಸೂಟ್‌ಕೇಸ್ ತರಬೇಡಿ. ತಂದರೆ ಒಡತಿ ಅದನ್ನು ಕೆಳಗೇ ಬಿಚ್ಚಿಸಿ, ಬೇಕಾದ ಬಟ್ಟೆಯಷ್ಟನ್ನೇ ಮೇಲೆ ಒಯ್ಯಿ ಅನ್ನುತ್ತಾರೆ. ಕೊಕ್ಕೆ ಗಟ್ಟಿಯಾಗೇ ಇದೆ, ಆದರೆ ಅತಿಥಿಗಳ ಲಗೇಜಿಗೆ ಅಲ್ಲವಂತೆ.